ಅಮ್ಮನ ಸಿಗಡಿ ಮನೆ ಬದಲಿಸಿದ್ದು

ನನ್ನ ಉಪ್ಪುನೀರಿನ ಟ್ಯಾಂಕ್ ಇರುವುದು ಅಪ್ಪನ ಎಲೆಕ್ಟ್ರಿಕಲ್ ಅಂಗಡಿಯ ನೆತ್ತಿಯ ಮೇಲೆ. ಸುಳ್ಯ ಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಹಾಲ್‌ನಲ್ಲಿ ಟಿವಿ ಇಡಬೇಕಾಗಿದ್ದ ಜಾಗದಲ್ಲಿ ಗಾಜಿನ ಟ್ಯಾಂಕ್, ಅದರೊಳಗೆ ತೂತುತೂತಿನ ಕಲ್ಲುಗಳು, ಕಲ್ಲಿನ ಮೇಲೆ ನೀರು ಅಲುಗಿದಂತೆ ತೂಗುವ ಮೆತ್ತನೆಯ ಹವಳಗಳು, ಒಂದು ಜೋಡಿ ಕಿತ್ತಳೆ ಬಣ್ಣದ ಕ್ಲೌನ್ ಮೀನು, ಒಂದು ಸಿಗಡಿ. ಇದನ್ನೆಲ್ಲ ಸಾಕುವುದನ್ನು ನನಗೆ ಯಾರೂ ಕೂರಿಸಿ ಕಲಿಸಿದ್ದಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ, ಪುತ್ತೂರಿನಲ್ಲಿ ಇದೇ ಹುಚ್ಚು ಹಿಡಿದ ಒಬ್ಬ ಅಣ್ಣನ ತಲೆ ತಿಂದು, ಕೆಲವು ಮೀನುಗಳಿಗಾಗಿ ಅತ್ತು, ಹೇಗೋ ಕಲಿತೆ. ಹವಳಗಳೂ ಆ ಅಣ್ಣ ತನ್ನ ಟ್ಯಾಂಕಿನಿಂದ ಕತ್ತರಿಸಿ ಕೊಟ್ಟ ತುಂಡುಗಳಿಂದ ಬೆಳೆದವು, ದಾಸವಾಳದ ಗೆಲ್ಲು ಕೊಟ್ಟ ಹಾಗೆ.

ಟ್ಯಾಂಕ್ ನನ್ನದು, ಸಿಗಡಿ ಮಾತ್ರ ಅಮ್ಮನದು. ನಮ್ಮದು ಮೊಟ್ಟೆಯೂ ಹೊಸಿಲು ದಾಟದ ಮನೆ. ಸಿಗಡಿ ತಂದ ದಿನ ಅಮ್ಮ ಅಡುಗೆಮನೆಯಿಂದ ಹೊರಗೇ ಬಂದಿರಲಿಲ್ಲ. ಆಮೇಲೆ ನಾನು ಪರೀಕ್ಷೆಗೆ ಓದುತ್ತಿದ್ದಾಗ ಗಾಜಿನ ಪಾಚಿ ಒರೆಸುವ ಕೆಲಸ ಅವರ ಪಾಲಿಗೆ ಬಂತು. ನೀರೊಳಗೆ ಕೈ ಹಾಕಿದಾಗ ಕೆಂಪು ಬೆನ್ನಿನ ಮೇಲೆ ಬಿಳಿ ಗೆರೆ ಎಳೆದುಕೊಂಡಿರುವ ಆ ಜೀವ ಉದ್ದ ಮೀಸೆ ಆಡಿಸುತ್ತ ಬಂದು ಬೆರಳಿನ ಮೇಲೆ ಹತ್ತಿ, ಉಗುರಿನ ಸಂದಿಯನ್ನೆಲ್ಲ ಕೆದಕಿ ಶುಚಿ ಮಾಡಿತು. ಸಮುದ್ರದಲ್ಲಿ ಅದು ದೊಡ್ಡ ಮೀನುಗಳಿಗೆ ಮಾಡುವ ಸೇವೆಯೇ ಅದು. ಅಮ್ಮ ಕೈ ಹೊರಗೆಳೆಯಲಿಲ್ಲ. "ಪಾರ್ಲರಿನವಳು ಸಹ ಇಷ್ಟು ಲಾಯ್ಕ ಮಾಡುದಿಲ್ಲ" ಅಂದರು. ಅಂದಿನಿಂದ ಸಂಜೆಯ ಚಾ ಲೋಟ ಹಿಡಿದು ಟ್ಯಾಂಕಿನ ಮುಂದೆ ಕುಳಿತು ಅದಕ್ಕೆ ಊರಿನ ಸುದ್ದಿ ಹೇಳುವುದು ರೂಢಿಯಾಯಿತು. ಅದು ತಿನ್ನುವ ಹೆಪ್ಪುಗಟ್ಟಿದ ಆಹಾರ ಮಾತ್ರ ಈಗಲೂ ಪಕ್ಕದ ಮನೆಯ ಫ್ರಿಜ್‌ನಲ್ಲೇ.

ಟ್ಯಾಂಕ್ ಸೋರುವುದನ್ನು ಮೊದಲು ಕಂಡದ್ದು ಅಪ್ಪ, ಅದೂ ಕೆಳಗಿನಿಂದ. ವಯರಿಗಾಗಿ ಸ್ಲ್ಯಾಬಿನಲ್ಲಿ ಕೊರೆದಿದ್ದ ತೂತಿನ ಮೂಲಕ ನೀರಿಳಿದು, ಅಂಗಡಿಯ ಮೇಲಿನ ಶೆಲ್ಫಿನಲ್ಲಿದ್ದ ಫ್ಯಾನಿನ ಡಬ್ಬಗಳ ಮೇಲೆ ಬಿಳಿ ಪುಡಿ ಕಟ್ಟಿತ್ತು. ಅಪ್ಪ ಒಂದು ಡಬ್ಬ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು.

"ನಾನು ಫ್ಯಾನ್ ಮಾರುದಾ, ಉಪ್ಪಿನಕಾಯಿ ಹಾಕುದಾ? ಒಂದು ಹೇಳು."

ನೋಡಿದರೆ ಟ್ಯಾಂಕಿನ ಹಿಂಬದಿಯ ಅಂಟು ಬಿಟ್ಟುಕೊಳ್ಳುತ್ತಿತ್ತು. ಅದನ್ನು ನೀರಿರುವಾಗ ರಿಪೇರಿ ಮಾಡುವ ಹಾಗಿಲ್ಲ. ಪುತ್ತೂರಿನ ಗಾಜಿನ ಕೆಲಸದವರಿಗೆ ಹೇಳಿ, ಇದ್ದದ್ದಕ್ಕಿಂತ ಒಂದಿಷ್ಟು ಉದ್ದದ ಹೊಸ ಟ್ಯಾಂಕ್ ಮಾಡಿಸಿದೆವು. ಅಂಗಡಿಗೆ ರಜೆಯಿರುವ ಭಾನುವಾರ ಬದಲಿಸುವುದೆಂದು ತೀರ್ಮಾನ ಆಯಿತು.

ಸಿಹಿನೀರಿನ ಮೀನಾದರೆ ಇದೊಂದು ಕೆಲಸವೇ ಅಲ್ಲ. ಇಲ್ಲಿ ಕಲ್ಲಿನ ತೂತುಗಳಲ್ಲಿ ಕಣ್ಣಿಗೆ ಕಾಣದ ಜೀವಿಗಳು ಕುಳಿತು ನೀರಿನ ಕೊಳೆಯನ್ನು ತಿನ್ನುತ್ತಿರುತ್ತವೆ. ಕಲ್ಲು ಒಣಗಿದರೆ ಅವು ಸತ್ತವು, ಹಿಂದೆಯೇ ಉಳಿದದ್ದೆಲ್ಲ ಸಾಯುತ್ತದೆ. ಉಪ್ಪಿನ ಅಂಶ ಏರಬಾರದು, ಇಳಿಯಬಾರದು. ಹಾಗಾಗಿ ನನ್ನ ಯೋಜನೆ ಹೀಗಿತ್ತು: ಅರ್ಧ ಹೊಸ ನೀರನ್ನು ಮೊದಲೇ ಉಪ್ಪು ಕಲಸಿ ತಯಾರು ಮಾಡಿಡುವುದು, ಇನ್ನರ್ಧ ಹಳೆಯ ನೀರನ್ನೇ ಒಂದು ದೊಡ್ಡ ಪಾತ್ರೆಗೆ ಇಳಿಸಿ ಕಾಪಾಡುವುದು, ಕಲ್ಲುಗಳನ್ನು ಅದರಲ್ಲಿ ಮುಳುಗಿಸಿಟ್ಟು, ಹೊಸ ಟ್ಯಾಂಕ್ ಸ್ಟ್ಯಾಂಡಿನ ಮೇಲೆ ಕೂತ ಮೇಲೆ ಎಲ್ಲವನ್ನೂ ವಾಪಸ್ ಹಾಕುವುದು.

ದೊಡ್ಡ ಪಾತ್ರೆ ಎಂದ ಕೂಡಲೇ ಅಮ್ಮನಿಗೆ ನೆನಪಾದದ್ದು ಬಚ್ಚಲಿನ ತಾಮ್ರದ ಹಂಡೆ.

"ತಾಮ್ರ ಬೇಡ ಅಮ್ಮ. ಮೀನಾದ್ರೂ ಸ್ವಲ್ಪ ತಡೀತದೆ. ಸಿಗಡಿಗೆ ಅದು ವಿಷ."

"ತಾಮ್ರದ ಚೆಂಬಲ್ಲಿ ನೀರಿಟ್ಟು ಕುಡಿದ್ರೆ ಒಳ್ಳೆದು ಅಂತ ವಾಟ್ಸಾಪಲ್ಲಿ ದಿನಾ ಬರ್ತದೆ."

"ಸಿಗಡಿಗೆ ವಾಟ್ಸಾಪ್ ಇಲ್ಲ."

ಅಮ್ಮ ನಕ್ಕರು, ಆದರೆ ಮಾತು ಮನಸ್ಸಿಗೆ ಹೋಗಿತ್ತು. ಬೆರಳಲ್ಲಿ ಅಂಗಡಿ ಪೂಜೆಯ ಕಾಲದಿಂದ ಇದ್ದ ತಾಮ್ರದ ಉಂಗುರವನ್ನು ಸಾಬೂನು ಹಚ್ಚಿ ಕಳಚಿ ದೇವರ ಕೋಣೆಯಲ್ಲಿಟ್ಟರು. ನಾನು ಅಡುಗೆಮನೆಯಿಂದ ತಾಮ್ರದ ಚೆಂಬು, ಸೌಟು ಎಲ್ಲ ತೆಗೆದು ಮೇಲಿಟ್ಟೆ. ಅಪ್ಪ ಟೂಲ್ ಬಾಕ್ಸಿನಿಂದ ವಯರಿನ ತುಂಡುಗಳನ್ನು ಹೆಕ್ಕಿ ಕೆಳಗೆ ಒಯ್ದರು. ಆ ಭಾನುವಾರ ನಮ್ಮ ಹಾಲ್‌ನಲ್ಲಿ ತಾಮ್ರದ ಚೂರೂ ಇರಲಿಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲವಳಾಗಿದ್ದೆ.

ಬೆಳಿಗ್ಗೆ ಅಜ್ಜಾವರದಿಂದ ಮಾವ ಬಂದರು. ಅಮ್ಮನ ತಮ್ಮ. ಕೂಗಿ ಕರೆಯಬೇಕಾಗಿಲ್ಲ, ಎಲ್ಲಾದರೂ ಎತ್ತುವ ಕೆಲಸ ಉಂಟೆಂದು ಗಾಳಿಯಲ್ಲಿ ಕೇಳಿದರೆ ಬರುವ ಮನುಷ್ಯ. ಪಿಕಪ್ಪಿನಲ್ಲಿ ದೊಡ್ಡದೊಂದು ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನೂ ತಂದಿದ್ದರು.

"ಹುಣಸೆಹುಳಿ ಹಾಕಿ ತಿಕ್ಕಿದ್ದೇನೆ ಮಾರಾಯ್ತಿ. ಸೋಪು ಹಾಕ್ಬೇಡಿ ಅಂತ ನೀನೇ ಫೋನಲ್ಲಿ ಹೇಳಿದ್ದಲ್ವಾ? ಹಾಕ್ಲಿಲ್ಲ. ಮೂಸಿ ನೋಡು ಬೇಕಾದ್ರೆ."

ಮೂಸಿದೆ. ಹುಣಸೆಹುಳಿಯ ವಾಸನೆ ಬಿಟ್ಟರೆ ಏನಿಲ್ಲ. ನಳ್ಳಿ ನೀರಿನಲ್ಲಿ ಇನ್ನೊಮ್ಮೆ ತೊಳೆದು ಒರೆಸಿದೆ.

ಮೀನುಗಳನ್ನು ಟ್ಯಾಂಕಿನದೇ ನೀರಿನಲ್ಲಿ ಥರ್ಮಾಕೋಲ್ ಪೆಟ್ಟಿಗೆಗೆ ಹಾಕಿ ಗಾಳಿಯ ಪಂಪ್ ಇಟ್ಟೆ. ಗಂಡು ಹೆಣ್ಣು ಎರಡೂ ಒಂದು ಮೂಲೆಗೆ ಅಂಟಿ, ನಮ್ಮನ್ನು ಪರಿಚಯವೇ ಇಲ್ಲದವರಂತೆ ನೋಡಿದವು. ಸಿಗಡಿ ಎಲ್ಲಿ ಹುಡುಕಿದರೂ ಸಿಗಲಿಲ್ಲ, ಯಾವುದೋ ಕಲ್ಲಿನ ತೂತಿನಲ್ಲಿ ಇರಬೇಕು. ಪೈಪ್ ಬಿಟ್ಟು ಹಳೆಯ ನೀರನ್ನು ಡ್ರಮ್ಮಿಗೆ ಇಳಿಸಿದೆವು. ತಳದ ಮರಳು ಕದಡಿ ಕೊಳೆತ ಮೊಟ್ಟೆಯ ವಾಸನೆ ಬಂದಾಗ ಅಮ್ಮ ಮೂಗಿಗೆ ಸೆರಗು ಹಿಡಿದು, "ಮೊಟ್ಟೆ ತರುದಿಲ್ಲ ಅಂತ ಇಷ್ಟು ವರ್ಷ ಜಂಬ ಮಾಡಿದ್ದು ಸುಮ್ಮನೆ" ಅಂದರು.

ಎಲ್ಲಕ್ಕಿಂತ ದೊಡ್ಡ ಕಲ್ಲನ್ನು ನಾನೇ ಎತ್ತಿ ಡ್ರಮ್ಮಿನಲ್ಲಿ ಮುಳುಗಿಸಿದೆ. ಎರಡನೆಯದಕ್ಕೆ ಕೈ ಹಾಕಿದ್ದೆ. ಮಾವ ಬಾಗಿಲಲ್ಲಿ ಬೆವರು ಒರೆಸುತ್ತ ಅಮ್ಮನ ಹತ್ತಿರ ಮಾತಾಡುತ್ತಿದ್ದರು.

"ಸಂಜೆಗೆ ಖಾಲಿ ಆಗ್ತದಲ್ಲ ಅಕ್ಕ ಡ್ರಮ್? ಬಿಸಿಲು ಬಂದದ್ದು ಉಂಟು. ನಾಳೆ ಇನ್ನೊಂದು ಸಲ ಮದ್ದು ಬಿಡ್ಲಿಕ್ಕುಂಟು ಅಡಿಕೆಗೆ."

ನನ್ನ ಕೈ ನೀರಲ್ಲೇ ನಿಂತಿತು. ಅಡಿಕೆಯ ಕೊಳೆರೋಗಕ್ಕೆ ನಮ್ಮ ಕಡೆ ಬಿಡುವ ಮದ್ದು ಎಂದರೆ ಸುಣ್ಣ ಮತ್ತು ಮೈಲುತುತ್ತು. ಮೈಲುತುತ್ತು ಎಂದರೆ ತಾಮ್ರವೇ. ಹುಟ್ಟಿದಾಗಿನಿಂದ ಆ ನೀಲಿ ಹರಳನ್ನು ನೋಡಿದ್ದೇನೆ, ನೀಲಿ ಡ್ರಮ್ಮಿನಲ್ಲಿ ಅದನ್ನು ಕರಗಿಸುವುದನ್ನೂ ನೋಡಿದ್ದೇನೆ. ಚೆಂಬು ಸೌಟು ಉಂಗುರ ಎಲ್ಲ ಅಡಗಿಸಿಟ್ಟವಳಿಗೆ ಡ್ರಮ್ ಕಂಡಾಗ ಇದು ಹೊಳೆಯಲಿಲ್ಲ.

"ಮಾವ, ಮದ್ದು ಕಲಸುದು ಇದರಲ್ಲಾ?"

"ಮತ್ತೆ? ಇದಕ್ಕಿಂತ ದೊಡ್ಡದು ಎಲ್ಲುಂಟು ನಮ್ಮಲ್ಲಿ? ಅದಕ್ಕೇ ಹುಳಿ ಹಾಕಿ ತಿಕ್ಕಿದ್ದು."

ಎಷ್ಟು ತಿಕ್ಕಿದರೂ ಪ್ಲಾಸ್ಟಿಕ್ಕಿನ ಗೀರುಗಳ ಒಳಗೆ ಕೂತದ್ದು ಹೋಗುವುದಿಲ್ಲ. ನಾನು ಆ ದೊಡ್ಡ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ನೆಲವೆಲ್ಲ ಒದ್ದೆ ಮಾಡಿಕೊಂಡು, ಹೊಸ ಉಪ್ಪುನೀರು ಇದ್ದ ಬಕೆಟ್ಟಿಗೆ ಹಾಕಿ ಅಲುಗಿಸಿದೆ. ತೂತೊಂದರಿಂದ ಬಿಳಿ ಮೀಸೆ ಹೊರಬಂತು, ಹಿಂದೆಯೇ ಸಿಗಡಿ ಚಿಮ್ಮಿ ಬಕೆಟ್ಟಿನ ತಳಕ್ಕೆ ಹೋಯಿತು. ಅಲ್ಲಿಯವರೆಗೆ ಅದು ಡ್ರಮ್ಮಿನಲ್ಲಿತ್ತು.

ಅಮ್ಮ ಹತ್ತಿರ ಬಂದು ಬಕೆಟ್ಟಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತರು. ಮಾವ ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು, ಡ್ರಮ್ಮನ್ನು ನೋಡಿದರು.

"ತಾಮ್ರ ಬೇಡ ಅಂತ ನನಗೆ ಯಾರೂ ಹೇಳ್ಲಿಲ್ಲ."

"ನಿನಗೆ ಹೇಳಿದ್ರೆ ನೀನು ಹಂಡೆ ಸಹ ತರ್ತಿದ್ದೆ" ಅಂದರು ಅಮ್ಮ. ದನಿಯಲ್ಲಿ ನಗು ಇರಲಿಲ್ಲ.

ಡ್ರಮ್ಮಿನ ನೀರನ್ನು ಪೂರ್ತಿ ಚೆಲ್ಲಿದೆವು. ಹಳೆಯ ಟ್ಯಾಂಕಿನಲ್ಲಿ ಉಳಿದದ್ದು ಮರಳು ಕದಡಿದ ಕೊಳೆ ನೀರು, ಹಾಗಾಗಿ ಉಳಿದ ಕಲ್ಲುಗಳನ್ನೂ ಹೊಸ ನೀರಿನ ಬಕೆಟ್ಟುಗಳಿಗೇ ಹಾಕಿದೆ. ಈಗ ನನ್ನ ಹತ್ತಿರ ಉಳಿದದ್ದು ಕಲಸಿಟ್ಟ ಅರ್ಧ ನೀರು ಮಾತ್ರ. ಶುದ್ಧ ನೀರು ಕ್ಯಾನ್‌ಗಳಲ್ಲಿ ತುಂಬಿಸಿಟ್ಟದ್ದು ಇತ್ತು, ಇಲ್ಲದ್ದು ಉಪ್ಪು. ಅಡುಗೆ ಉಪ್ಪು ಇದಕ್ಕೆ ಆಗದು, ಸಮುದ್ರದ ಎಲ್ಲ ಖನಿಜಗಳೂ ಇರುವ ಬೇರೆಯೇ ಉಪ್ಪು ಬೇಕು. ಪುತ್ತೂರಿನ ಅಣ್ಣನಿಗೆ ಫೋನ್ ಮಾಡಿದೆ. ಅವನು ಪೂರ್ತಿ ಕೇಳಿ, "ನಿನ್ನ ಮಾವನಿಗೆ ನನ್ನ ಟ್ಯಾಂಕ್ ತೋರಿಸ್ಬೇಡ" ಅಂದ. ಆಮೇಲೆ, "ಈಗ ಹೊರಡುವ ಬಸ್ಸಲ್ಲಿ ಕೊಟ್ಟು ಕಳಿಸ್ತೇನೆ. ಫಿಲ್ಟರಿಗೆ ಇದ್ದಲಿನ ಚೀಲ ಹಾಕು, ತಾಮ್ರ ಇದ್ರೆ ಸ್ವಲ್ಪ ಎಳ್ಕೊಳ್ತದೆ. ಮತ್ತೆ ಕಾಯುದೇ."

ನಮ್ಮ ಊರುಗಳಲ್ಲಿ ಔಷಧಿ, ಕನ್ನಡಕ, ಮದುವೆಯ ರವಿಕೆ ಎಲ್ಲವೂ ಬಸ್ಸಿನಲ್ಲಿ ಒಂಟಿಯಾಗಿ ಪ್ರಯಾಣ ಮಾಡುತ್ತವೆ. ನಾನೂ ಮಾವನೂ ಸುಳ್ಯ ಬಸ್‌ಸ್ಟ್ಯಾಂಡಿನಲ್ಲಿ ನಿಂತೆವು. ಕಂಡಕ್ಟರ್ ಸೀಟಿನಡಿಯಿಂದ ಚೀಲ ಎಳೆದು ಕೊಟ್ಟರು.

"ಇದು ಉಪ್ಪಂತಲ್ಲ? ಸುಳ್ಯದಲ್ಲಿ ಉಪ್ಪು ಮುಗೀತಾ?"

"ಮುಗಿದದ್ದಲ್ಲ ಮಾರಾಯ್ರೆ, ಇದು ಸಿಗಡಿಗೆ" ಅಂದರು ಮಾವ.

"ಸಿಗಡಿಗೆ ಉಪ್ಪು ಸ್ವಲ್ಪ ಸಾಕಲ್ವಾ? ಖಾರ ಜಾಸ್ತಿ ಹಾಕಿ."

ಮಾವ ಚೀಲವನ್ನು ಹೆಗಲಿಗೇರಿಸಿದರು. ಬೇರೆ ದಿನವಾಗಿದ್ದರೆ ಆ ಮಾತಿಗೆ ಬಸ್‌ಸ್ಟ್ಯಾಂಡ್ ಅಲುಗುವಂತೆ ನಗುವವರು.

ಹೊತ್ತು ಮುಳುಗುವ ಮೊದಲು ಹೊಸ ಟ್ಯಾಂಕ್ ತುಂಬಿತು. ಹಳೆಯ ಮರಳನ್ನು ಹಾಕದೆ ಬಿಟ್ಟು, ಕಲ್ಲುಗಳನ್ನು ಮೊದಲಿದ್ದಂತೆಯೇ ಒರಗಿಸಿದೆ. ಮೀನುಗಳು ಹೊಸ ಗಾಜಿನಲ್ಲಿ ತಮ್ಮ ಬಿಂಬ ನೋಡಿ ಜಗಳಕ್ಕೆ ನಿಂತವು, ಅಂದರೆ ಆರಾಮವಾಗಿವೆ. ಹವಳಗಳು ಮುದುಡಿದ್ದವು, ಅದು ಸಹಜ. ಸಿಗಡಿ ದೊಡ್ಡ ಕಲ್ಲಿನ ಅಡಿಗೆ ಹೋಯಿತು. ಹೋದದ್ದು ಹೊರಗೆ ಬರಲಿಲ್ಲ.

ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಅಮ್ಮ ಚಾ ಲೋಟ ಹಿಡಿದು ಬರುವರು, ಕುಳಿತುಕೊಳ್ಳುವರು, ಮಾತಾಡದೆ ಎದ್ದು ಹೋಗುವರು. ಊಟ ಹಾಕಿದರೆ ಮೀನುಗಳೇ ಮುಗಿಸುತ್ತಿದ್ದವು. ನಾನು ವಿಡಿಯೋಗಳಲ್ಲಿ ತಾಮ್ರ ತಗುಲಿದ ಸಿಗಡಿಗಳ ಬಗ್ಗೆ ಹುಡುಕಿ, ಅರ್ಧಕ್ಕೇ ಮುಚ್ಚಿ, ಮತ್ತೆ ತೆರೆದು ನೋಡುತ್ತಿದ್ದೆ. ಮಾವ ಅಮ್ಮನಿಗೆ ಫೋನ್ ಮಾಡಲು ಹೆದರಿ ಅಂಗಡಿಗೆ ಮಾಡುತ್ತಿದ್ದರು.

"ಭಾವ, ಅಲ್ಲಿ ಹೇಗುಂಟು?"

"ಯಾರು, ನಿನ್ನ ಅಕ್ಕನಾ, ಸಿಗಡಿಯಾ?" ಎಂದು ಕೇಳುವರು ಅಪ್ಪ. "ಇಬ್ರೂ ಮಾತಾಡುದಿಲ್ಲ."

ಒಂದು ಬೆಳಿಗ್ಗೆ ನಾನು ಅಪ್ಪನ ಜೊತೆ ಅಂಗಡಿಯ ಶಟರ್ ಎತ್ತುತ್ತಿದ್ದಾಗ ಅಮ್ಮ ಮೆಟ್ಟಿಲ ಮೇಲಿನಿಂದ ನನ್ನನ್ನು ಕರೆದರು. ಕೈಯಲ್ಲಿ ಒಂದು ಬಸಿ. ಬಸಿಯಲ್ಲಿ ಸಿಗಡಿ. ಕಾಲು, ಮೀಸೆ, ಬೆನ್ನಿನ ಗೆರೆ ಎಲ್ಲವೂ ಇತ್ತು, ಬಣ್ಣ ಮಾತ್ರ ತೆಳುವಾಗಿತ್ತು.

"ನೀರಲ್ಲಿ ತೇಲ್ತಾ ಇತ್ತು ಮಗಳೇ. ಚಮಚದಲ್ಲಿ ತೆಗ್ದೆ. ಎಲ್ಲಿ ಹಾಕುದು ಇದನ್ನು? ಕಸಕ್ಕೆ ಹಾಕ್ಲಿಕ್ಕೆ ನನ್ನಿಂದ ಆಗುದಿಲ್ಲ."

ಬಸಿ ತೆಗೆದುಕೊಂಡೆ. ಏನೂ ಭಾರವಿಲ್ಲ. ಬೆರಳಿನಿಂದ ಮುಟ್ಟಿದರೆ ಒಣಗಿದ ಈರುಳ್ಳಿ ಸಿಪ್ಪೆಯ ಹಾಗೆ. ಬೆಳಕಿಗೆ ಹಿಡಿದೆ. ತಲೆ ಮತ್ತು ಬೆನ್ನು ಸೇರುವಲ್ಲಿ ಒಂದು ಸೀಳು, ಒಳಗೆ ಏನೂ ಇಲ್ಲ.

"ಅಮ್ಮ, ಇದು ಖಾಲಿ."

"ಖಾಲಿ ಅಂದ್ರೆ? ಮೀನು ತಿಂದು ಹಾಕಿತಾ?"

"ತಿಂದದ್ದಲ್ಲ, ಪೊರೆ ಬಿಟ್ಟದ್ದು. ಹಾವು ಬಿಡ್ತದಲ್ಲ, ಹಾಗೆ."

ನಾನು ಹೇಳಿದ್ದು ಅಷ್ಟು ಧೈರ್ಯದಿಂದಲ್ಲ. ಪೊರೆ ಬಿಟ್ಟ ಮೇಲೂ ಸತ್ತಿರಬಹುದು, ಪೆಟ್ಟು ತಿಂದ ಸಿಗಡಿಗೆ ಪೊರೆ ಬಿಡುವ ಹೊತ್ತೇ ಕಷ್ಟದ್ದು. ಅಪ್ಪ ಅಂಗಡಿಯಿಂದ ಹೊಸ ಟಾರ್ಚ್ ಒಂದರ ಕವರು ಹರಿದು ಮೇಲೆ ಬಂದರು. ಮೂವರೂ ನೆಲದ ಮೇಲೆ ಮೊಣಕಾಲೂರಿ ದೊಡ್ಡ ಕಲ್ಲಿನ ಅಡಿಗೆ ಬೆಳಕು ಬಿಟ್ಟೆವು. ತುಂಬ ಒಳಗೆ, ಕತ್ತಲಲ್ಲಿ, ಹಸಿ ಬಣ್ಣ ಬಳಿದಷ್ಟು ಕೆಂಪಾದ ಒಂದು ಬೆನ್ನು. ಬೆಳಕು ತಾಗಿದ್ದೇ ಎರಡು ಬಿಳಿ ಮೀಸೆಗಳು ಬೇಸರದಿಂದ ಆ ಕಡೆ ತಿರುಗಿದವು.

"ಟಾರ್ಚ್ ಆಫ್ ಮಾಡಿ" ಅಂದರು ಅಮ್ಮ ಅಪ್ಪನಿಗೆ. "ಮೈ ಹಸಿ ಉಂಟು ಅದಕ್ಕೆ."

ಆಮೇಲೆ ಅಮ್ಮ ಮೊದಲು ಮಾಡಿದ ಕೆಲಸ ಅಜ್ಜಾವರಕ್ಕೆ ಫೋನ್. ಮಾವ ಒಂದೇ ರಿಂಗಿಗೆ ಎತ್ತಿದರು.

"ಅಕ್ಕಾ, ಹೋಯ್ತಾ?"

"ಹೋಗ್ಲಿಲ್ಲ. ಅಂಗಿ ಬದ್ಲಾಯಿಸಿದೆ. ನಿನ್ನ ಮೈಲುತುತ್ತು ತಾಗಿದ ಅಂಗಿ ಅದಕ್ಕೆ ಬೇಡ ಅಂತೆ."

ಆ ಕಡೆಯಿಂದ ಬಂದ ನಗು ನನಗೂ ಕೇಳಿಸಿತು. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಸಿಗಡಿ ಅಡಗಿಯೇ ಇರುತ್ತದೆ ಎಂದು ನಾನು ವಿವರಿಸಿದೆ. ಅಮ್ಮ ತಲೆಯಾಡಿಸಿ, ಒಳಗಿನಿಂದ ಮೈ ಒರೆಸುವ ಒಂದು ಹಳೆಯ ಬೈರಾಸು ತಂದು, ಕಿಟಕಿಯ ಬೆಳಕು ಬೀಳದ ಹಾಗೆ ಟ್ಯಾಂಕಿನ ಆ ಬದಿಗೆ ಇಳಿಬಿಟ್ಟರು. ಅಪ್ಪ ಪೇಪರ್ ಹಿಡಿದು ಕುಳಿತವರು ತಲೆಯೆತ್ತಿ, "ಹಾಲಲ್ಲಿ ಕತ್ತಲೆ ಮಾಡಿದ್ಯಾಕೆ?" ಎಂದು ಕೇಳಿದರು.

"ಬಾಣಂತಿ ಇದ್ದ ಹಾಗೆ ಲೆಕ್ಕ. ನೀವು ಕೆಳಗೆ ಹೋಗಿ ಓದಿ."

ಅಪ್ಪ ಪೇಪರ್ ಮಡಚಿ ಕೆಳಗೆ ಹೋದರು.