ನರ್ಸಮ್ಮ ಕಾಡಿಗೆ ಕೊಟ್ಟ ಜಾಗ

ಯಾರನ್ನೇ ಆಗಲಿ ಮುಟ್ಟುವ ಮೊದಲು ನರ್ಸಮ್ಮ ಎರಡೂ ಅಂಗೈಗಳನ್ನು ಗಸಗಸ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ಉದ್ದನೆಯ, ಗೆಣ್ಣು ದಪ್ಪಗಾದ ಬೆರಳುಗಳು. ಕೊಪ್ಪದ ಆಸ್ಪತ್ರೆಯಲ್ಲಿ ನನ್ನನ್ನೂ ಸೇರಿಸಿ ಲೆಕ್ಕವಿಲ್ಲದಷ್ಟು ಮಕ್ಕಳನ್ನು ಮೊದಲು ಎತ್ತಿಕೊಂಡ ಕೈಗಳು ಅವು. ನಿವೃತ್ತಿಯ ಮೇಲೆ ಅವರು ನೆಮ್ಮಾರಿನ ಹತ್ತಿರ, ತಾಯಿಯಿಂದ ಬಂದ ಜಾಗದ ಅಂಚಿನಲ್ಲಿದ್ದ ಸಣ್ಣ ಮನೆಗೆ ಬಂದು ಒಬ್ಬರೇ ಇದ್ದರು. ಆ ಜಾಗದಲ್ಲಿ ತೋಟವಿರಲಿಲ್ಲ, ಬರೀ ದೊಡ್ಡ ಮರಗಳು. ಎರಡು ಕಡೆಯ ಸರ್ಕಾರಿ ಕಾಡನ್ನು ಅದೇ ಜೋಡಿಸಿತ್ತು. ಅದರಾಚೆ ನಮ್ಮಂಥ ಕೂಲಿಯವರ ನಾಲ್ಕಾರು ಮನೆ. ಶಾಲೆಗಾಗಲಿ ಕೆಲಸಕ್ಕಾಗಲಿ ಹೊರಡಬೇಕಾದರೆ ನಮಗೆ ಅವರ ಮರಗಳ ನಡುವಿನ ಕಾಲುದಾರಿಯೇ ಗತಿ.

ಯಾರಾದರೂ ಕಷ್ಟ ಹೇಳಿಕೊಂಡರೆ ಅವರು ಮರುಗುತ್ತ ಕೂರುತ್ತಿರಲಿಲ್ಲ. "ಹೌದಾ. ಈಗ ಎಂತ ಮಾಡುವ, ಅದು ಹೇಳು" ಎನ್ನುತ್ತಿದ್ದರು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕತ್ತೆತ್ತಿ ಕೂತರೆ ಮರದ ತುದಿಯಲ್ಲಿ ಸಿಂಗಳೀಕಗಳು ದಾಟಿ ಹೋಗುವ ತನಕ ಏಳುತ್ತಿರಲಿಲ್ಲ. ಹೊಸ ಮರಿ ಕಂಡರೆ ನನ್ನನ್ನು ಕರೆದು ತೋರಿಸುತ್ತಿದ್ದರು. "ನೋಡು ಮಾರಾಯ್ತಿ, ನಾನಿಲ್ಲದೆ ಆದ ಹೆರಿಗೆ."

ಒಂದು ವರ್ಷ ಪಕ್ಕದ ಜಾಗದವರು ಮರ ಕಡಿಸಿದರು. ಕೊಂಬೆಯಿಂದ ಕೊಂಬೆಗೆ ದಾಟುತ್ತಿದ್ದ ಸಿಂಗಳೀಕಗಳು ಅಲ್ಲಿ ನೆಲಕ್ಕೆ ಇಳಿಯಬೇಕಾಯಿತು. ಒಂದು ತಾಯಿಯ ಮೇಲೆ ನಾಯಿಗಳು ಬಿದ್ದವು. ನರ್ಸಮ್ಮ ಕೊಡೆ ಬೀಸುತ್ತ ಓಡಿದರು, ಹಿಂದೆ ನಾನು. ನಾವು ಮುಟ್ಟುವಷ್ಟರಲ್ಲಿ ತಾಯಿ ಸತ್ತಿತ್ತು. ಹೊಟ್ಟೆಗೆ ಅಂಟಿಕೊಂಡಿದ್ದ ಮರಿಯನ್ನು ಬಿಡಿಸಿ ಸೆರಗಿನಲ್ಲಿ ಸುತ್ತಿಕೊಂಡು ಬಂದರು. ಸಂಜೆಯೊಳಗೆ ಅದೂ ಹೋಯಿತು. ಗುಂಡಿ ತೋಡಿ ಮುಚ್ಚಿ ಕೈ ತೊಳೆಯುತ್ತ, "ನಾನು ಹೋದ ಮೇಲೆ ನಮ್ಮ ಮರಾನೂ ಕಡೀತಾರೆ. ಇರುವಾಗಲೇ ಜಾಗ ಕಾಡಿಗೆ ಕೊಟ್ಟುಬಿಡ್ತೇನೆ" ಎಂದರು.

ಸುದ್ದಿ ತಿಳಿದು ಅವರ ತಮ್ಮನ ಮಗ ಹೋಂಸ್ಟೇ ಕಟ್ಟುವವರೊಬ್ಬರನ್ನು ಕರೆತಂದ. ಬಂದವರು ಸುತ್ತ ನೋಡಿ, "ಒಂದಿಷ್ಟು ಮರ ತೆಗೆದರೆ ಒಳ್ಳೆ ವ್ಯೂ ಸಿಗ್ತದೆ" ಎಂದರು.

"ಈಗ ಕಾಣ್ತಿರೋದು ಎಂತದು ಹಾಗಾದ್ರೆ?" ಎಂದು ಕೇಳಿ, ನರ್ಸಮ್ಮ ಕಾಫಿ ಕೊಟ್ಟು ಕಳಿಸಿದರು. ತಮ್ಮನ ಮಗ ಅಲ್ಲಿಂದಾಚೆ ಬರುವುದನ್ನೇ ಬಿಟ್ಟ.

ಜಾಗ ನೋಡಲು ರೇಂಜರ್ ಬಂದರು. ಅವರಿಗೆ ಖುಷಿಯೇ ಆಯಿತು. ಆದರೆ ಒಮ್ಮೆ ಕಾಡಿಗೆ ಸೇರಿದರೆ ಒಳಗೆ ಜನರ ಓಡಾಟಕ್ಕೆ ಬಿಡುವುದು ಕಷ್ಟ ಎಂದರು. ಅಂಗಳದಲ್ಲಿ ನಿಂತಿದ್ದ ನನ್ನ ಅಪ್ಪನ ಮುಖ ಸಪ್ಪಗಾಯಿತು. "ನಿಮ್ಮ ಜಾಗ ಅಮ್ಮ, ನಾವೆಂತ ಹೇಳೋದು" ಎಂದಷ್ಟೇ ಹೇಳಿದರು.

ನರ್ಸಮ್ಮ ರೇಂಜರ್ ಕಡೆ ತಿರುಗಿದರು. "ಸಾರ್, ಸಿಂಗಳೀಕ ಮೇಲೆ ಹೋಗ್ತಾವೆ, ಇವರು ಕೆಳಗೆ ಹೋಗ್ತಾರೆ. ಒಬ್ಬರಿಗೊಬ್ಬರು ಅಡ್ಡ ಬಂದದ್ದು ನಾನಂತೂ ಕಂಡಿಲ್ಲ. ಇವರ ದಾರಿ ಮುಚ್ಚೋದಾದ್ರೆ ನಾನು ಸಹಿ ಹಾಕೋದಿಲ್ಲ."

ಉಪಾಯವನ್ನೂ ಅವರೇ ಹುಡುಕಿದರು. ದಾರಿಯನ್ನು ಬೇರೆಯಾಗಿ ಅಳೆಸಿ ಪಂಚಾಯಿತಿಗೆ ಕೊಡುವುದು, ಉಳಿದದ್ದು ಅರಣ್ಯ ಇಲಾಖೆಗೆ. ಸರ್ವೆಯವರ ಮುಂದೆ ಸೀರೆ ಎತ್ತಿಕಟ್ಟಿ ತಾವೇ ನಡೆದು ದಾರಿ ತೋರಿಸಿದರು. ಶೃಂಗೇರಿಯ ಕಚೇರಿಗಳಿಗೆ ಸಾಕಷ್ಟು ಅಲೆದರು. ನೋಂದಣಿಯ ದಿನ ಅಪ್ಪನನ್ನೇ ಸಾಕ್ಷಿಯಾಗಿ ಕರೆದೊಯ್ದರು. ಅಪ್ಪ ಹೆಬ್ಬೆಟ್ಟು ಮುಂದೆ ಮಾಡಿದಾಗ, "ಬರೆಯೋಕೆ ಬರ್ತದಲ್ಲ, ಹೆಸರು ಬರಿ. ನಾವು ಕಾಯ್ತೇವೆ" ಎಂದರು. ಅಪ್ಪ ಒಂದೊಂದೇ ಅಕ್ಷರ ಕೂಡಿಸಿ ಬರೆದು ಮುಗಿಸುವ ತನಕ ಕಚೇರಿಯವರೂ ಕಾದರು.

ಅದಾಗಿ ಕೆಲವು ವರ್ಷ ಅದೇ ಮನೆಯಲ್ಲಿದ್ದು, ಕಳೆದ ಚಳಿಗಾಲದಲ್ಲಿ ನರ್ಸಮ್ಮ ನಿದ್ದೆಯಲ್ಲೇ ತೀರಿಕೊಂಡರು. ಕಾರ್ಯ ಮುಗಿದ ಮೇಲೆ ತಮ್ಮನ ಮಗ ನನ್ನ ಹತ್ತಿರ ಬಂದು, ಅತ್ತೆಯ ಜಾಗ ತೋರಿಸುತ್ತೀಯಾ ಎಂದು ಕೇಳಿದ. ಆ ದಾರಿಯಲ್ಲೇ ಇಬ್ಬರೂ ನಡೆದೆವು.

ತುಸು ದೂರ ಹೋದ ಮೇಲೆ, "ಅತ್ತೆಯದು ಎಲ್ಲಿವರೆಗೆ?" ಎಂದ.

ನಾನು ಹಳೆಯ ಬೇಲಿಯ ಗುರುತಿಗಾಗಿ ಆಚೀಚೆ ನೋಡಿದೆ. ಎಲ್ಲ ಕಡೆ ಸಸಿಗಳು ಎದೆಯೆತ್ತರ ಎದ್ದಿದ್ದವು.

"ಈಗ ಗೊತ್ತಾಗೋದಿಲ್ಲ, ಅಣ್ಣ" ಎಂದೆ. "ಎಲ್ಲ ಕಾಡೇ."