ಸತ್ತವರ ಸ್ವೆಟರು ಮುಗಿಸುತ್ತಿದ್ದ ಕಾಕು

ಹೋದ ವಾರ ಮೆಹದಿಪಟ್ಟಣಂ ಬಜಾರಿನಲ್ಲಿ ಕಾಲುಚೀಲಕ್ಕೆಂದು ಬೂದು ಉಣ್ಣೆಯ ಉಂಡೆಯೊಂದನ್ನು ಆರಿಸಿ ಮೂಗಿನ ಹತ್ತಿರ ತಂದೆ. ಉಣ್ಣೆಯನ್ನು ಮೂಸಿ ನೋಡಿ ಕೊಳ್ಳುವುದು ನನ್ನ ಅಭ್ಯಾಸ. ಕಲ್ಲಂಗಡಿಯನ್ನು ತಟ್ಟಿ ನೋಡುವವರಿಲ್ಲವೇ, ಹಾಗೆ. ಪಕ್ಕದ್ದು ಮಸಾಲೆ ಅಂಗಡಿ. ಅದೇ ಹೊತ್ತಿಗೆ ಅಲ್ಲಿ ಯಾರೋ ಇಂಗಿನ ಡಬ್ಬಿಯ ಮುಚ್ಚಳ ತೆಗೆದರು. ಉಣ್ಣೆ, ಅದರ ಮೇಲೆ ಇಂಗು... ನನ್ನ ಕುತ್ತಿಗೆಯ ಹಿಂದಿನ ಕೂದಲು, ಅಲ್ಲಿ ಉಳಿದಿರುವ ನಾಲ್ಕೇ ನಾಲ್ಕು, ಎದ್ದು ನಿಂತವು. ಅಂಗಡಿಯವನು ಸ್ಟೂಲು ಮುಂದಕ್ಕೆ ತಳ್ಳಿ, "ಕ್ಯಾ ಹುವಾ ಚಾಚಾ? ಪಾನಿ ಪೀತೇ?" ಎಂದ. "ಕುಛ್ ನಹೀ ಮಿಯಾ, ಪುರಾನಿ ಪಹಚಾನ್" ಎಂದೆ, ಏನಿಲ್ಲ, ಹಳೆಯ ಪರಿಚಯ ಎಂದು. ಅವನು ರಸ್ತೆಯಲ್ಲಿ ಹೋಗುತ್ತಿದ್ದ ವಯಸ್ಸಾದ ಹೆಂಗಸೊಬ್ಬರನ್ನು ನೋಡಿ, ತನಗೆ ತಿಳಿದಂತೆ ಅರ್ಥ ಮಾಡಿಕೊಂಡು ಮೀಸೆಯಲ್ಲೇ ನಕ್ಕ.

ಮೊದಲು ನನ್ನ ಸ್ಥಿತಿಗತಿ ಅರಿಕೆ ಮಾಡಿಕೊಳ್ಳುತ್ತೇನೆ. ನಾನು ನಿವೃತ್ತ ನಕಾಶೆಗಾರ. ಮೋರಿ, ಸೇತುವೆ, ಕಾಲುವೆಗಳ ಗೆರೆ ಎಳೆಯುತ್ತ ಸರಕಾರದ ಅನ್ನ ತಿಂದವನು. ಈಗ ತಾರ್ನಾಕದ ಮನೆಯ ಕಿಟಕಿಯ ಬಳಿ ಕೂತು ಹೆಣೆಯುತ್ತೇನೆ. ಹೈದರಾಬಾದಿನ ಸೆಕೆಗೆ ಸ್ವೆಟರಿನ ಅಗತ್ಯವೆಷ್ಟು ಎಂದು ಕೇಳಬೇಡಿ. ಅಗತ್ಯವಿದ್ದದ್ದನ್ನು ಮಾಡಲು ಬೇಕಾದಷ್ಟು ಜನರಿದ್ದಾರೆ. ಪ್ರಸಕ್ತ ತಿಂಗಳ ಪ್ರಗತಿ ಹೀಗಿದೆ: ಟೊಪ್ಪಿಗೆಯೊಂದು ಮುಗಿದಿದೆ, ತಲೆ ಇನ್ನೂ ಸಿಕ್ಕಿಲ್ಲ. ಕಾಲುಚೀಲವೊಂದು ಮುಗಿದಿದೆ, ಅದರ ಜೋಡಿಯ ಬಗ್ಗೆ ಗಂಭೀರ ಚಿಂತನೆ ನಡೆದಿದೆ. ಮಣಿಕೊಂಡದಲ್ಲಿರುವ ಮಗಳು ವಾರಕ್ಕೊಮ್ಮೆ ಫೋನು ಮಾಡಿ, "ಅಪ್ಪಾ, ಈ ಸಲ ನನಗೇನೂ ಹೆಣೀಬ್ಯಾಡ" ಎಂದು ಮುಂಜಾಗ್ರತೆ ವಹಿಸುತ್ತಾಳೆ. ಈ ವಿದ್ಯೆಯನ್ನು ನನಗೆ ಕಲಿಸಿದವರು ಎದುರುಮನೆಯ ಕಾಕು, ಗಲ್ಲಿಗೆಲ್ಲ ಚಿಕ್ಕಮ್ಮ. ಕಲಿಸಿದ್ದು ಶಿಕ್ಷೆಯ ರೂಪದಲ್ಲಿ.

ಕಾಕು ರಾಯಚೂರಿನ ಕಡೆಯವರು. ನಮ್ಮ ಗಲ್ಲಿಯಲ್ಲಿ ಕನ್ನಡದ ಮನೆಗಳು ಎರಡೇ, ಅವರದು ಮತ್ತು ನಮ್ಮದು. ಮಕ್ಕಳಿರಲಿಲ್ಲ. ಇಂಗಿನ ವ್ಯಾಪಾರದಲ್ಲಿದ್ದ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರು ಬಿಟ್ಟುಹೋದ ದೊಡ್ಡ ತಗಡಿನ ಡಬ್ಬಿಗಳಲ್ಲೇ ಕಾಕು ಉಣ್ಣೆ ತುಂಬಿಡುತ್ತಿದ್ದರು. ನುಸಿ ಹತ್ತುತ್ತಿರಲಿಲ್ಲ ಎಂಬುದು ನಿಜ. ಆದರೆ ಅವರ ಕೈಯಿಂದ ಬಂದ ಮಫ್ಲರು ಸುತ್ತಿಕೊಂಡವರಿಗೆ ಹೊತ್ತಿಲ್ಲದ ಹೊತ್ತಿನಲ್ಲಿ ಸಾರು ಅನ್ನದ ಹಸಿವಾಗುತ್ತಿತ್ತು.

ಹೊಸ ಸ್ವೆಟರನ್ನು ಅವರು ಹೆಣೆದುಕೊಡುತ್ತಿರಲಿಲ್ಲ. ಅವರ ಬಳಿಗೆ ಬರುತ್ತಿದ್ದದ್ದು ಅರ್ಧ ಆದವು. ಕಾಲೊನಿಯಲ್ಲಿ ಹೆಣೆಯುವ ಹೆಂಗಸೊಬ್ಬಳು ತೀರಿಕೊಂಡಳೆನ್ನಿ. ಅವಳ ಸಲಾಯಿಗಳ ಮೇಲೆ, ಅಂದರೆ ಹೆಣಿಗೆಯ ಕಡ್ಡಿಗಳ ಮೇಲೆ, ಏನಾದರೂ ಉಳಿದಿದ್ದರೆ ಅದು ಹದಿಮೂರನೆಯ ದಿನದ ಬಳಿಕ ನೆಟ್ಟಗೆ ಕಾಕುವಿನ ಮನೆಗೆ ಹೋಗುತ್ತಿತ್ತು. "ಅರ್ಧಾ ಬಿಟ್ಟಿದ್ದು ಮನ್ಯಾಗ ಇಟ್ಕೋಬಾರದ್ರಿ. ಹೋದವರ ಗ್ಯಾನ ಅದರಾಗ ಸಿಕ್ಕೊಂಡಿರ್ತೈತಿ" ಎನ್ನುತ್ತಿದ್ದರು. ಮುಗಿಸಿ, ಕುಣಿಕೆ ಮುಚ್ಚಿ, ತೊಳೆದು ಒಣಗಿಸಿ ಮನೆಯವರಿಗೆ ಒಪ್ಪಿಸುತ್ತಿದ್ದರು.

ಹೆಣೆಯುವವರಿಗೆಲ್ಲ ಗೊತ್ತು, ಬರಹಕ್ಕೆ ಇದ್ದಂತೆ ಹೆಣಿಗೆಗೂ ಒಂದು ಕೈ ಇದೆ. ಒಬ್ಬರದು ಬಿಗಿ, ಒಬ್ಬರದು ಸಡಿಲ. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಮುಂದುವರಿಸಿದರೆ ಆ ಜಾಗದಲ್ಲಿ ಗೆರೆಯೊಂದು ಬಿದ್ದೇ ಬೀಳುತ್ತದೆ; ತೊಳೆದರೂ ಹೋಗದು, ಇಸ್ತ್ರಿಗೂ ಜಗ್ಗದು. ಕಾಕು ಮುಗಿಸಿದ್ದರಲ್ಲಿ ಮಾತ್ರ ಅದು ಇರುತ್ತಿರಲಿಲ್ಲ. ಗೆರೆಯಿಂದಲೇ ಹೊಟ್ಟೆ ಹೊರೆದ ನಾನು ಭೂತಗನ್ನಡಿ ಹಿಡಿದು ಹುಡುಕಿದ್ದೇನೆ, ಸಿಕ್ಕಿಲ್ಲ. ಅವರು ಮೊದಲು ಹೆಣಿಗೆಯನ್ನು ಮಡಿಲಲ್ಲಿ ಹರಡಿ ಸಾಲುಗಳ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. ಎರಡು ಸಾಲು ಹೆಣೆದು ಬಿಚ್ಚುವರು. ಮತ್ತೆ ಹೆಣೆದು ಮತ್ತೆ ಬಿಚ್ಚುವರು. ಎರಡು ದಿನ, ಮೂರು ದಿನ. ಆಮೇಲೊಮ್ಮೆ, "ಹಾಂ, ಕೈ ಸಿಕ್ತು" ಎಂದು ನಿಟ್ಟುಸಿರು ಬಿಡುವರು.

ಕೈಯ ಜೊತೆಗೆ ಬೇರೆ ಏನೇನೋ ಸಿಗುತ್ತಿತ್ತು, ಅದೇ ತೊಂದರೆ.

ಮೂಲೆಮನೆಯ ಹೆಡ್‌ಮಾಸ್ತರರ ತಾಯಿ ಬಿಟ್ಟುಹೋದ ಮಫ್ಲರಿನ ಸಂಗತಿ ಕೇಳಿ. ಅವರು ಗುಂಟೂರು ಕಡೆಯ ಮುದುಕಿ. ಕಾಕುವಿಗೆ ಬರುತ್ತಿದ್ದದ್ದು ತರಕಾರಿ ಕೊಳ್ಳುವಷ್ಟು ತೆಲುಗು. ಕೈ ಸಿಕ್ಕ ದಿನ ಮಧ್ಯಾಹ್ನ ಆ ಮನೆಯ ಸೊಸೆ ಉಪ್ಪಿಟ್ಟಿನ ತಟ್ಟೆ ಮುಚ್ಚಿ ತಂದಳು. ಕಾಕು ಸಲಾಯಿಯಿಂದ ಕಣ್ಣು ಕೀಳದೆ, ಅಚ್ಚ ಗುಂಟೂರಿನ ತೆಲುಗಿನಲ್ಲಿ, "ಉಪ್ಪು ಎಕ್ಕುವೈಂದಮ್ಮಾಯಿ" ಅಂದರು. ಉಪ್ಪು ಜಾಸ್ತಿ ಆಯಿತಲ್ಲೇ ಹುಡುಗಿ, ಎಂದು. ತಟ್ಟೆಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ. ಸೊಸೆ ತಟ್ಟೆಯನ್ನು ಅಲ್ಲೇ ಇಟ್ಟು, ಮಫ್ಲರು ಮುಗಿಯುವವರೆಗೆ ತವರಿಗೆ ಹೋಗಿ ಬಂದಳು.

ಇದನ್ನು ಹೇಳಿಕೊಂಡು ನಾನೂ ನನ್ನ ಹೆಂಡತಿಯೂ ಬಿದ್ದು ಬಿದ್ದು ನಕ್ಕಿದ್ದೆವು. ಅವಳು ಕಣ್ಣೊರೆಸಿಕೊಂಡು, "ನಾ ಸತ್ತರ ನಂದೇನರ ಅರ್ಧಾ ಉಳದ್ರ ಆ ಕಾಕು ಕೈಯಾಗ ಕೊಡಬ್ಯಾಡ್ರಿ. ಆಮ್ಯಾಲೂ ನಿಮಗ ಸುಖ ಇರಂಗಿಲ್ಲ" ಎಂದಿದ್ದಳು.

ಮರುವರ್ಷ ಡಿಸೆಂಬರಿನಲ್ಲಿ ಅವಳೇ ಹೋದಳು.

ಹಿಂದಿನ ಸಂಜೆ ನಾನು ಆಫೀಸಿನಿಂದ ತಂದ ನಕಾಶೆಯ ಮೇಲೆ ಬಗ್ಗಿದ್ದೆ. ಅವಳು ಮಂಚದ ಮೇಲೆ ಕೂತು ನನಗೇ ತೋಳಿಲ್ಲದ ಸ್ವೆಟರೊಂದನ್ನು ಹೆಣೆಯುತ್ತಿದ್ದಳು. "ಕೇಳಾಕತ್ತೀರೇನ್ರಿ?" ಎಂದಳು. ದಿನಕ್ಕೆ ಹತ್ತು ಸಲ ಹಾಗೆ ಕೇಳುವವಳು. ನಾನು ತಲೆಯೆತ್ತದೆ "ಹ್ಞೂಂ" ಎಂದೆ. ಮತ್ತೊಂದು ಸಾಲು ಹೆಣೆದು, "ಏನಿಲ್ಲ ಬಿಡ್ರಿ" ಎಂದಳು. ಬೆಳಗಾಗುವುದರೊಳಗೆ ಅವಳ ಹೃದಯ ನಿಂತಿತ್ತು. ಡಾಕ್ಟರು ಹೇಳಿದರು, ಹಿಂದಿನ ದಿನವೇ ಎದೆನೋವು ಶುರುವಾಗಿರಬೇಕು ಎಂದು. ಆ 'ಏನಿಲ್ಲ'ದೊಳಗೆ ಏನಿತ್ತು? ನೋಯುತ್ತಿದೆ ಎನ್ನಲು ಕರೆದಿದ್ದಳೇ? ನಾನು ತಲೆಯೆತ್ತಿದ್ದರೆ... ಹದಿಮೂರು ದಿನವೂ ಬಂದವರಿಗೆಲ್ಲ ಕೈ ಮುಗಿಯುತ್ತ ಇದೊಂದನ್ನೇ ಯೋಚಿಸಿದೆ.

ಹದಿನಾಲ್ಕನೆಯ ದಿನ ಕಾಕು ತಾವೇ ಬಂದರು. "ನಕಾಶಿ ಸಾಹೇಬ್ರ, ತರ್ರಿ ಅದನ್ನ" ಎಂದರು. ಹಿಂಭಾಗ ಪೂರ್ತಿಯಾಗಿ, ಮುಂಭಾಗ ಕಂಕುಳವರೆಗೆ ಬಂದು ನಿಂತಿದ್ದ ಸ್ವೆಟರನ್ನು ಕೊಟ್ಟೆ. ಹೆಂಡತಿಯ ಮಾತು ಮರೆತಿರಲಿಲ್ಲ. ನೆನಪಿದ್ದದ್ದರಿಂದಲೇ ಕೊಟ್ಟೆ.

ಆಫೀಸಿಗೆ ರಜೆ ಹಾಕಿ, ದಿನವೂ ನಾಲ್ಕು ಗಂಟೆಗೆ ಚಹಾದ ನೆಪದಲ್ಲಿ ಹೋಗಿ ಎದುರು ಕೂರತೊಡಗಿದೆ. ಎರಡು ದಿನ ಕೈ ಸಿಗಲಿಲ್ಲ. "ಏನ್ ಕೈರಿ ನಿಮ್ಮಾಕಿದು! ನಾಕು ಸಾಲು ಸಡ್ಲ, ನಾಕು ಸಾಲು ಬಿಗಿ. ನಿಮ್ಮ ಕೂಡ ಜಗಳಾಡ್ಕೋತ ಹೆಣೀತಿದ್ಲೇನು?" ಎಂದರು ಕಾಕು. ಸ್ವೆಟರನ್ನು ಬೆಳಕಿಗೆ ಹಿಡಿದು ತೋರಿಸಿದರು. ಹೌದು, ನಮ್ಮ ಮನೆಯ ಮೂರು ತಿಂಗಳ ಹವಾಮಾನ ವರದಿಯೇ ಅಲ್ಲಿತ್ತು. ದಸರೆಯ ಜಗಳವಂತೂ ಅಂಗೈ ಅಗಲ ಇತ್ತು.

ಮೂರನೆಯ ದಿನ ಕಾಕು ಕಾಲು ಬದಲಿಸಿ ಕೂತರು. ಎಡ ಭುಜ ತುಸು ಇಳಿಯಿತು. ನನಗೆ ಆ ಭುಜ ಗೊತ್ತು. "ಕೇಳಾಕತ್ತೀರೇನ್ರಿ?" ಎಂದರು.

ಧ್ವನಿ ಕಾಕುವಿನದಲ್ಲ. ನಾನು ಮೂವತ್ತು ವರ್ಷದ ರೂಢಿಯಿಂದ "ಹ್ಞೂಂ" ಎಂದುಬಿಟ್ಟೆ. "ಏನಿಲ್ಲ ಬಿಡ್ರಿ" ಎಂದಿತು ಧ್ವನಿ. ಚಹಾ ಬಟ್ಟಲಿನಲ್ಲೇ ಆರಿತು.

ಆ ವೇಗಕ್ಕೆ ಸ್ವೆಟರು ಐದು ದಿನದ ಕೆಲಸ. ಐದು ದಿನದಲ್ಲಿ ಅವಳು ಮತ್ತೊಮ್ಮೆ ಹೋಗುತ್ತಾಳೆ, ನನಗೆ ಉತ್ತರ ಸಿಕ್ಕಿರುವುದಿಲ್ಲ. ಕೇಳಬೇಕೆಂದು ದಿನವೂ ಬಾಯಿ ತೆರೆಯುತ್ತಿದ್ದೆ, ಧೈರ್ಯ ಸಾಲುತ್ತಿರಲಿಲ್ಲ. ನೋಯುತ್ತಿತ್ತು, ನೀವು ನೋಡಲಿಲ್ಲ ಎಂದರೆ? ಆಗ ಕೇಂದ್ರ ಸರಕಾರಕ್ಕೂ ರಾಜ್ಯ ಸರಕಾರಕ್ಕೂ ತೋರಿಸಲಾಗದ ಕೆಲಸವೊಂದನ್ನು ಮಾಡಿದೆ. ಕಾಕು ಚಹಾ ಮಾಡಲು ಒಳಗೆ ಹೋದಾಗಲೆಲ್ಲ ಸಲಾಯಿ ಎಳೆದು ನಾಲ್ಕು ಸಾಲು ಬಿಚ್ಚಿ, ಕುಣಿಕೆಗಳನ್ನು ಮತ್ತೆ ಏರಿಸಿಟ್ಟೆ. ಸೂಕ್ಷ್ಮ ಕೆಲಸ ರೂಢಿಯಿದ್ದ ಬೆರಳು ನೋಡಿ. ಒಂದು ವಾರ ಕಳೆಯಿತು, ಎರಡು ವಾರವಾಯಿತು. ಸ್ವೆಟರು ಕಂಕುಳಲ್ಲೇ ನಿಂತಿತ್ತು. ನಾನು ದಿನವೂ ನನ್ನ ಹೆಂಡತಿಯ ಎದುರು ಕೂತು ಬಿಸ್ಕತ್ತು ಅದ್ದಿ ತಿನ್ನುತ್ತಿದ್ದೆ.

ಒಂದು ಮಧ್ಯಾಹ್ನ ಕಾಕು ಚಹಾ ತರದೆ ಬರಿಗೈಯಲ್ಲಿ ಬಾಗಿಲಲ್ಲಿ ನಿಂತಿದ್ದರು. ನನ್ನ ಕೈಯಲ್ಲಿ ಬಿಚ್ಚಿದ ನೂಲು.

"ಸಾಹೇಬ್ರ, ನಾ ಮುದುಕಿ ಅದೀನಿ, ಕುಡ್ಡಿ ಅಲ್ಲ" ಎಂದರು, ತಮ್ಮದೇ ಧ್ವನಿಯಲ್ಲಿ. ಆಮೇಲೆ ಕೂತು ಹೇಳಿದರು. "ಬಂದವರು ಹೋಗೋವಾಗ ಏನರ ಬಿಟ್ಟು ಹೋಗ್ತಾರ. ಆ ಗುಂಟೂರಮ್ಮ ಹ್ವಾದಮ್ಯಾಲ ನನಗ ಉಪ್ಪು ನಾಲಿಗಿಗೆ ಹತ್ತವಲ್ದು. ಇರ್ಲಿ ಅಂದ್ನಿ. ನಿಮ್ಮಾಕಿ ನನ್ನೊಳಗ ಹದಿನೈದು ದಿನಾ ಆತು ಕುಂತಾಳ. ನಿನ್ನೆ ನನ್ನ ಹೆಸರು ನನಗ ಲಗೂನ ನೆನಪಾಗಲಿಲ್ಲ. ಹಿಂಗ ಎಳದ್ರ ನಾ ತಿರುಗಿ ಬರಂಗಿಲ್ರಿ ತಮ್ಮಾ."

ತಲೆ ತಗ್ಗಿಸಿದೆ. ಅವರು ಒಂದು ಜೊತೆ ಸಲಾಯಿ, ಹಳೆಯ ಉಣ್ಣೆಯ ಗಂಟು ನನ್ನ ತೊಡೆಯ ಮೇಲೆಸೆದರು. "ಬಿಚ್ಚೂದು ಛಂದ ಬಂತಲ್ಲ, ಹೆಣಿಯೂದೂ ಕಲೀರಿ. ಕೈಗೆ ಕೆಲಸ ಇದ್ರ ಹರಾಮಿ ಆಗಂಗಿಲ್ಲ."

ಮುಂದಿನ ನಾಲ್ಕು ದಿನ ನಾನು ಸೀದಾ ಒಂದು, ಉಲ್ಟಾ ಒಂದು ಎಂದು ಗೊಣಗುತ್ತ, ಪ್ರತಿ ಸಾಲಿನ ಕೊನೆಗೆ ಒಂದು ಕುಣಿಕೆ ಬೀಳಿಸುತ್ತ ಕೂತಿದ್ದೆ. ಎದುರಿಗೆ ಸ್ವೆಟರು ಏರುತ್ತಿತ್ತು. ಕೊರಳಿನ ಹತ್ತಿರ ಬಂದಾಗ ಮತ್ತೆ ಆ ಧ್ವನಿ, "ಕೇಳಾಕತ್ತೀರೇನ್ರಿ?"

ನಾನು ಹ್ಞೂಂ ಎನ್ನಲಿಲ್ಲ. ಸಲಾಯಿ ಕೆಳಗಿಟ್ಟು ಎದ್ದು ಹೋಗಿ ಎದುರು ಕೂತೆ. "ಕೇಳಾಕತ್ತೀನಿ. ಹೇಳು" ಎಂದೆ.

ಹೆಣೆಯುವ ಕೈ ನಿಂತಿತು. ಮುಖ ಮೇಲೆದ್ದಿತು. ಮುಖ ಕಾಕುವಿನದೇ; ನೋಡಿದ ರೀತಿ ಅವರದಾಗಿರಲಿಲ್ಲ. "ಒಂದೀಟು ಇಲ್ಲೆ ಬಂದು ನಿಂದರ್ರಿ" ಎಂದಿತು. ನಿಂತೆ. ಟೇಪು ಪಕ್ಕದಲ್ಲೇ ಇತ್ತು, ಅದನ್ನು ಮುಟ್ಟಲಿಲ್ಲ. ಗೇಣು ಇಟ್ಟು ಅಳೆಯಿತು, ಎಡಭುಜದಿಂದ ಬಲಕ್ಕೆ, ಕೊನೆಯಲ್ಲಿ ಉಳಿದ ನಾಲ್ಕು ಬೆರಳು ಒತ್ತಿ. ನನ್ನ ಹೆಂಡತಿ ಜನ್ಮದಲ್ಲಿ ಟೇಪು ಹಿಡಿದವಳಲ್ಲ. ಇದನ್ನು ಕಾಕು ಎಂದೂ ನೋಡಿರಲಿಲ್ಲ. "ಅವತ್ತ ಅಳತಿಗೆ ಕರದ್ರ ನೀವು ಏಳಲೇ ಇಲ್ಲ. ಅದಕ ಬಿಡ್ರಿ ಅಂದೆ" ಎಂದು ಕೂತು, ಕೊರಳ ಕುಣಿಕೆಗಳನ್ನು ಒಂದೊಂದಾಗಿ ಮುಚ್ಚಿತು. ಕೊನೆಯ ಕುಣಿಕೆ ಮುಚ್ಚಿದ ಮೇಲೆ ಭುಜ ನೆಟ್ಟಗಾಯಿತು. ಕಾಕು ಕಣ್ಣು ತಿಕ್ಕಿಕೊಂಡು, "ಎಷ್ಟು ಗಂಟೆರಿ ಈಗ?" ಎಂದರು.

ಸ್ವೆಟರು ನನಗೆ ಸರಿಯಾಗಿ ಹೊಂದುತ್ತದೆ. ಆ ರಾತ್ರಿ ನಿದ್ದೆ ಬಂತು ಎಂಬುದನ್ನೂ ಸಂಕೋಚವಿಲ್ಲದೆ ಹೇಳುತ್ತೇನೆ.

ಆಮೇಲೆ ಕಾಕು ಯಾರದನ್ನೂ ಮುಗಿಸಿಕೊಡಲಿಲ್ಲ. ಬಾಗಿಲಲ್ಲಿ ಕೂತು ಕಂದು ಉಣ್ಣೆಯ ಪಟ್ಟಿಯೊಂದನ್ನು ಹೆಣೆಯುವರು, ಬಿಚ್ಚುವರು, ಹೆಣೆಯುವರು. "ಏನ್ ಹೆಣ್ಯಾಕತ್ತೀರಿ ಕಾಕು?" ಎಂದು ಕೇಳಿದರೆ, "ನನ್ನ ಕೈ ಹುಡುಕಾಕತ್ತೀನ್ರಿ. ಎಲ್ಲೆ ಇಟ್ಟೀನೋ ಏನೋ" ಎನ್ನುವರು. ನಾನು ನಗುತ್ತಿದ್ದೆ. ಅವರೂ ನಗುತ್ತಿದ್ದರು, ಸ್ವಲ್ಪ ತಡವಾಗಿ. ಹೀಗೆ ಬಹಳ ವರ್ಷ. ಎರಡು ವರ್ಷದ ಹಿಂದೆ ಅವರು ತೀರಿಕೊಂಡಾಗ ಕಾಲೊನಿಯ ಹೆಂಗಸರೆಲ್ಲ ಸಲಾಯಿಸಮೇತ ಆ ಪಟ್ಟಿಯನ್ನು ನನ್ನ ಕೈಗೆ ಕೊಟ್ಟರು. ಹುದ್ದೆ ಖಾಲಿಯಾಗಿತ್ತು, ಅರ್ಹತೆಯಿದ್ದವನು ನಾನೊಬ್ಬನೇ. ತಂದು ಕಪಾಟಿನಲ್ಲಿಟ್ಟೆ. ತೆಗೆಯಲಿಲ್ಲ.

ಮೆಹದಿಪಟ್ಟಣಂನಿಂದ ಬಂದವನು ಅದನ್ನು ತೆಗೆದು ಮೇಜಿನ ಮೇಲೆ ಹಾಸಿದೆ. ಆಳುದ್ದ ಇದೆ. ಬುಡದಲ್ಲಿ ಬಿಗಿಯಾದ ಸಾಲುಗಳು, ಗುಂಟೂರಮ್ಮನವು. ಅದರ ಮೇಲೆ ಯಾರ್ಯಾರವೋ. ನಡುವೆ ಮೊಳದಷ್ಟು, ನಾಲ್ಕು ಸಡಿಲ, ನಾಲ್ಕು ಬಿಗಿ... ಅಲ್ಲಿ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಕೂತೆ. ಉಳಿದವರಿಗೆಲ್ಲ ಗೇಣು ಗೇಣು ಜಾಗ, ಮೊಳದಷ್ಟು ಇವಳೊಬ್ಬಳಿಗೇ. ಹತ್ತೊಂಬತ್ತು ದಿನ ಇವಳನ್ನು ಕಾಕುವಿನ ಮೈಯಲ್ಲಿ ನಾನೇ ಕೂರಿಸಿದ್ದೆನಲ್ಲ. ಕಾಕುವಿನ ಕೈ ಎಂದು ಹೇಳಬಹುದಾದ ಸಾಲು ಒಂದೂ ಸಿಗಲಿಲ್ಲ. ಅವರ ಸ್ವಂತ ಕೈಯ ಹೆಣಿಗೆ ಏನಾದರೂ ಇದೆಯೇ ಎಂದು ಗಲ್ಲಿಯ ಮನೆಮನೆಗೂ ಹೋಗಿ ಕೇಳಿದೆ. ಎಲ್ಲರೂ ಕಾಕು ಕೊಟ್ಟ ಸ್ವೆಟರುಗಳನ್ನು ಸಂತೋಷದಿಂದ ಹೊರತೆಗೆದರು. ಪ್ರತಿಯೊಂದೂ ಆಯಾ ಮನೆಯ ಸತ್ತವರ ಕೈಯಲ್ಲೇ ಇತ್ತು.

ಮುಗಿಸಬೇಕಾದರೆ ಕೊನೆಯ ಸಾಲುಗಳ ಕೈ ಯಾರದೆಂದು ತಿಳಿಯಬೇಕು. ನೋಡಿದೆ. ಮೊದಲು ಅರ್ಥವಾಗಲಿಲ್ಲ. ಒರಟು ಹೆಣಿಗೆ, ಒಂದೊಂದು ಸಾಲಿನ ಕೊನೆಗೂ ಬೀಳಿಸಿ ಎತ್ತಿಕೊಂಡ ಕುಣಿಕೆ. ಅದು ನನ್ನದು. ಕೂಡಲೇ ನಾಡಿ ಹಿಡಿದು ನೋಡಿಕೊಂಡೆ. ನಡೆಯುತ್ತಿತ್ತು, ಸ್ವಲ್ಪ ಅವಸರದಲ್ಲಿ. ಇನ್ನೂ ಸಾಯದ ನನ್ನ ಕೈಯನ್ನು ಆ ಮುದುಕಿ ಬಾಗಿಲಲ್ಲಿ ಕೂತು ಯಾವಾಗ ಕಲಿತುಕೊಂಡರೋ. ಮುಂದೆ ಇದು ಯಾರ ಪಾಲಿಗೆ ಬರುತ್ತದೆಂದು ತಿಳಿದೇ ಕಲಿತಿರಬೇಕು. ಒಂದು ಸಾಲು ಹೆಣೆದೆ. ಗೆರೆ ಬೀಳಲಿಲ್ಲ.

ಇಪ್ಪತ್ತೆರಡು ವರ್ಷ ಎದುರುಮನೆಯಲ್ಲಿದ್ದವರು. ಅವರ ಕೈ ಹೇಗಿತ್ತೆಂದು ಹೇಳಬಲ್ಲವರು ಈಗ ಯಾರೂ ಇಲ್ಲ, ಅದು ಇಲ್ಲವಾದದ್ದರಲ್ಲಿ ನನ್ನ ಪಾಲು ಮೊಳದಷ್ಟಿದೆ. ನಿನ್ನೆ ಮಧ್ಯಾಹ್ನ ಕಿಟಕಿಯ ಬಳಿ ಕೂತು ಕುಣಿಕೆಗಳನ್ನು ಮುಚ್ಚಿದೆ. ಮುಚ್ಚುವಾಗ ಕಾಕುವಿನ ಮಾತೊಂದು ಬಂದೀತೆಂದು, ಬೈಗುಳವಾದರೂ ಬಂದೀತೆಂದು, ಪ್ರತಿ ಕುಣಿಕೆಗೂ ತುಸು ತಡೆದು ಕಾದೆ. ಕೊನೆಯದು ಮುಚ್ಚಿ ನೂಲು ಕತ್ತರಿಸುವವರೆಗೂ ನನ್ನ ಉಸಿರು ಬಿಟ್ಟರೆ ಬೇರೆ ಸದ್ದಿರಲಿಲ್ಲ.