ಅವ್ವ ಅವಳಿಗೆ ಹೇಳಿಕೊಟ್ಟ ಮಾತು

ಅವ್ವ ಧಾರವಾಡದಿಂದ ಪರದೇಶದ ಬೆಡೋಕ್‌ಗೆ, ನಾನೊಬ್ಬಳೇ ಇರುವ ಮನೆಗೆ ಬಂದು ಇನ್ನೂ ವಾರ ತುಂಬಿರಲಿಲ್ಲ. ಅಷ್ಟರಲ್ಲೇ ನನ್ನ ಗೆಳತಿ ಅವಳನ್ನು ನನ್ನಿಂದ ಕಸಿದುಕೊಂಡಳು.

ಗೆಳತಿ ಮೈಸೂರಿನವಳು, ಈಗ ಇದೇ ಊರಿನ ವುಡ್‌ಲ್ಯಾಂಡ್ಸ್‌ನಲ್ಲಿದ್ದಾಳೆ. ವಾರವಿಡೀ ಸಾಫ್ಟ್‌ವೇರ್ ಕೆಲಸ, ಶನಿವಾರ ಒಂದು ಮ್ಯೂಸಿಯಮ್ಮಿನಲ್ಲಿ ಸಂಬಳವಿಲ್ಲದ ಗೈಡ್. ಪ್ರಾಚೀನ ಕಾಲದ ಜನರ ಮಾಟ, ಮಂತ್ರ, ತಾಯಿತ ಅಂದರೆ ಅವಳಿಗೆ ಊಟ ನಿದ್ದೆ ಬೇಡ. ಅವ್ವನನ್ನು ನೋಡಲು ಬಂದವಳು ಚಹಾ ಆರಿಹೋಗುವವರೆಗೂ ಅದನ್ನೇ ಹೇಳಿದಳು. ಈಜಿಪ್ಟಿನವರು ಕಣ್ಣಿನ ಆಕಾರದ ನೀಲಿ ತಾಯಿತ ಕಟ್ಟಿಕೊಳ್ಳುತ್ತಿದ್ದರಂತೆ. ಗ್ರೀಕರು ಕೆಟ್ಟ ಕಣ್ಣು ತಾಗದಿರಲೆಂದು ತಮ್ಮ ಎದೆಯ ಮೇಲೆ ತಾವೇ ಉಗುಳಿಕೊಳ್ಳುತ್ತಿದ್ದರಂತೆ. ಬ್ಯಾಬಿಲೋನಿನಲ್ಲಿ ಕಾಯಿಲೆಯವನು ಈರುಳ್ಳಿ ಸುಲಿದು ಬೆಂಕಿಗೆ ಹಾಕುತ್ತಿದ್ದನಂತೆ, ತನಗೆ ಅಂಟಿದ್ದೂ ಹೀಗೇ ಸುಲಿದುಹೋಗಲಿ ಎಂದು.

ಅವ್ವ ಕಾಲು ಮಡಚಿ ಅವಳತ್ತ ತಿರುಗಿ ಕೂತಳು. "ಉಳ್ಳಾಗಡ್ಡಿ ಸುಡತಿದ್ರು? ನಾವು ಉಪ್ಪು, ಮೆಣಸಿನಕಾಯಿ ಸುಡತೀವಿ. ಅಷ್ಟ ಫರಕು."

"ಆಂಟಿ, ದೃಷ್ಟಿ ತೆಗೆಯೋವಾಗ ಏನಾದ್ರೂ ಹೇಳ್ತೀರಾ?"

"ಹೇಳಬೇಕಲ್ಲ ಮತ್ತ. ಒಳಗ ಬಾ."

ಇಬ್ಬರೂ ಅಡುಗೆಮನೆಗೆ ಹೋದರು. ನಾನು ಸೋಫಾದ ಮೇಲೆ ಉಳಿದೆ. ಚಿಕ್ಕಂದಿನಲ್ಲಿ ಜ್ವರ ಬಂದಾಗಲೆಲ್ಲ ಅವ್ವ ನನ್ನ ಮುಖದ ಮುಂದೆ ಮುಷ್ಟಿ ಇಳಿಸುತ್ತ ತುಟಿಯೊಳಗೇ ಏನೋ ಅನ್ನುತ್ತಿದ್ದಳು. ಅದೇನೆಂದು ನಲವತ್ತು ದಾಟಿದರೂ ನನಗೆ ಗೊತ್ತಿಲ್ಲ. ಈಗ ಗೋಡೆಯಾಚೆ, ಒಂದು ಲೋಟ ಚಹಾದಷ್ಟು ಪರಿಚಯದವಳಿಗೆ ಅದನ್ನೇ ಮಗುವಿಗೆ ತುತ್ತು ಕೊಡುವ ಹಾಗೆ ಬಿಡಿಸಿ ಬಿಡಿಸಿ ಹೇಳಿಕೊಡುತ್ತಿದ್ದಳು. ಗೆಳತಿ ನಕ್ಕಳು, ಅವ್ವನೂ ನಕ್ಕಳು. ನಾನು ಗೋಡೆಗೆ ಕಿವಿ ಹಚ್ಚಿದೆ, ಗುಜುಗುಜು ಬಿಟ್ಟು ಏನೂ ಕೇಳಿಸಲಿಲ್ಲ.

ಆಮೇಲೆ ಭಾನುವಾರ ಬಂತೆಂದರೆ ಅವಳು ಹಾಜರು. ಅವ್ವ ಅವಳಿಗೆಂದೇ ರೊಟ್ಟಿ ಬಡಿದಳು. ನಾನು ಊಟಕ್ಕೆಂದು ಪಕ್ಕದ ಹಾಕರ್ ಸೆಂಟರಿಗೆ ಕರೆದರೆ ಮೊಣಕಾಲು ನೋವು ಅನ್ನುತ್ತಿದ್ದವಳು ಅವಳ ಜೊತೆ ಇಡೀ ಮ್ಯೂಸಿಯಂ ಸುತ್ತಿ ಬಂದಳು. ಅಂದು ನಾನು ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದೆ. ಇಬ್ಬರಲ್ಲಿ ಯಾರೂ ತಿರುಗಿ ನೋಡಲಿಲ್ಲ.

ಅವ್ವ ಊರಿಗೆ ಹೊರಡುವ ಹಿಂದಿನ ದಿನ ಬ್ಯಾಗು ತುಂಬುತ್ತಿದ್ದಾಗ ಕೇಳಿಯೇಬಿಟ್ಟೆ.

"ನಾ ನಿನ್ನ ಮಗಳು. ನನಗ್ಯಾಕ ಹೇಳಿಕೊಡಲಿಲ್ಲ?"

ಅವ್ವ ಸೀರೆ ಮಡಚುವುದನ್ನು ನಿಲ್ಲಿಸಲಿಲ್ಲ. "ನಿನಗ ಹೇಳಿ ಏನ್ ಉಪಯೋಗ? ತನ್ನ ದೃಷ್ಟಿ ತಾನ ತಕ್ಕೊಳ್ಳಾಕ ಬರಂಗಿಲ್ಲ. ನಾ ಹೋದಮ್ಯಾಲೆ ಇಲ್ಲಿ ನಿನಗ ತಗಿಯಾಕ ಯಾರದಾರ?"

ನನ್ನ ಸಲುವಾಗಿಯೇ ಕಲಿಸಿದ್ದು ಎಂದು ತಿಳಿದ ಮೇಲೂ ಸಮಾಧಾನವಾಗಲಿಲ್ಲ. ಆ ಮಾತು ಅವಳ ಹತ್ತಿರ ಇತ್ತು, ನನ್ನ ಹತ್ತಿರ ಇರಲಿಲ್ಲ.

ಹೋದ ತಿಂಗಳು ಜ್ವರ ಬಂದು ಮಲಗಿದೆ. ವಿಷಯ ತಿಳಿದ ಅವ್ವ ಫೋನ್ ಮಾಡಿದ್ದು ಗೆಳತಿಗೆ. ಅವಳು ಆಫೀಸಿನಿಂದ ನೇರವಾಗಿ ಎಂಆರ್‌ಟಿ ರೈಲು ಹಿಡಿದು ಬಂದಳು.

"ಎದ್ದು ಕೂತ್ಕೋ. ಸ್ಮೋಕ್ ಅಲಾರ್ಮ್ ಹೊಡ್ಕೊಂಡ್ರೆ ಮಾತ್ರ ನೀನೇ ಹ್ಯಾಂಡಲ್ ಮಾಡು."

ಅವಳ ಮುಷ್ಟಿ ನನ್ನ ಮುಖದ ಮುಂದೆ ಇಳಿಯಿತು. ಮೈಸೂರಿನವಳ ಬಾಯಲ್ಲಿ ಧಾರವಾಡದ ರಾಗ. ಅವ್ವ ಉಸಿರು ತೆಗೆದುಕೊಳ್ಳುವ ಜಾಗದಲ್ಲೇ ಇವಳೂ ನಿಂತಳು. ಕಣ್ಣು ಮುಚ್ಚಿದರೆ ಅವ್ವನೇ. ಕಣ್ಣು ತುಂಬಿ ಬಂತು, ಸಿಟ್ಟೂ ಬಂತು. ಎಷ್ಟು ಕಿವಿಗೊಟ್ಟರೂ ಮಾತು ಮಾತ್ರ ತಿಳಿಯಲಿಲ್ಲ.

ತವಾದ ಮೇಲೆ ಮೆಣಸಿನಕಾಯಿ ಸುಟ್ಟಳು. ಕೈ ತೊಳೆದು ಅವ್ವನಿಗೆ ಫೋನ್ ಹಚ್ಚಿದಳು. "ತೆಗ್ದೆ ಆಂಟಿ. ಘಾಟೇ ಬರ್ಲಿಲ್ಲ, ಸಿಕ್ಕಾಪಟ್ಟೆ ದೃಷ್ಟಿ ಆಗಿತ್ತು ಅನ್ಸತ್ತೆ."

"ಫೋನ್ ಇಲ್ಲಿ ಕೊಡು" ಅಂದೆ.

"ಒಂದ್ನಿಮಿಷ, ಆಂಟಿ ಏನೋ ಹೇಳ್ತಿದಾರೆ" ಎಂದು ಅವಳು ಫೋನ್ ಕಿವಿಗೊತ್ತಿಕೊಂಡು ಕಿಟಕಿಯ ಕಡೆ ನಡೆದಳು.